ಕೆಂಡ ಹೇಳಿದ ಹಾಗೆ ಅಡುಗೆ

ತಾರಸಿಯ ಮೇಲೆ ಎಂಟು ಹತ್ತು ಮಂದಿ ಸೇರಿ ಏನಾದರೂ ಸುಟ್ಟು ತಿನ್ನೋಣ ಎಂದು ಹೊರಟರೆ ಮೊದಲ ಚರ್ಚೆ ಮಸಾಲೆಯದೇ. ಬ್ಯಾಡಗಿಯೋ ಗುಂಟೂರೋ, ರಾತ್ರಿಯಿಡೀ ನೆನೆಸಬೇಕೋ ಎರಡು ತಾಸು ಸಾಕೋ ಎಂದು ವಾದ ಬೆಳೆಯುತ್ತದೆ. ಬೆಂಕಿಯ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೊನೆಗೆ ಸೊಗಸಾದ ಮಸಾಲೆ ಮೆತ್ತಿದ ಕೋಳಿ ಹೊರಗೆ ಕರಕಲು, ಒಳಗೆ ಹಸಿ. ಇಂಥ ಕೂಟದಲ್ಲಿ ಏನು ಮೊದಲು, ಏನು ಆಮೇಲೆ ಎಂಬುದನ್ನು ಬೆಂಕಿಯ ಕೈಗೇ ಬಿಡಬೇಕು ಎನ್ನುವವನು ನಾನು. ಜ್ವಾಲೆ ಏಳುವಾಗ ಒಂದು ಬಗೆ, ಕೆಂಡ ನಿಗಿನಿಗಿ ಎನ್ನುವಾಗ ಇನ್ನೊಂದು, ಬೂದಿ ಮುಚ್ಚಿದ ಮೇಲೆ ಮತ್ತೊಂದು. ಈ ಕ್ರಮ ಹಿಡಿದರೆ ಮಸಾಲೆಯ ಅರ್ಧ ಸಾಮಾನು ಡಬ್ಬಿಯಲ್ಲೇ ಉಳಿಯುತ್ತದೆ.

ಸಲಕರಣೆಗೆ ದುಡ್ಡು ಸುರಿಯುವುದು ಬೇಡ. ಗಾರೆ ಕೆಲಸದ ಹಳೆಯ ಬಾಂಡ್ಲಿ, ನಾಲ್ಕಾರು ಇಟ್ಟಿಗೆ, ಮೇಲೆ ಹಾಸಲು ಒಂದು ಕಬ್ಬಿಣದ ಅಥವಾ ಸ್ಟೀಲಿನ ಜಾಲರಿ. ಬೇಲಿಗೆ ಕಟ್ಟುವ ಹೊಳೆಯುವ ಜಾಲರಿಯನ್ನು ಕತ್ತರಿಸಿ ತರಬೇಡಿ. ಅದರ ಮೈಗೆ ಸತುವಿನ ಲೇಪವಿರುತ್ತದೆ, ಕಡುಶಾಖಕ್ಕೆ ಅದು ವಿಷದ ಹೊಗೆ ಬಿಡುತ್ತದೆ. ಇದ್ದಿಲು ಎಲ್ಲಿ ಸಿಗುತ್ತದೆ ಎಂದು ಕೇಳುವ ಪಟ್ಟಣದವರು ಬೀದಿ ಕೊನೆಯ ಇಸ್ತ್ರಿ ಗಾಡಿಯವರನ್ನು ವಿಚಾರಿಸಿದರೆ ಸಾಕು. ನನಗಂತೂ ಇದ್ದಿಲಿನ ಜೊತೆ ಒಂದಷ್ಟು ಒಣಗಿದ ಕರಟ ಇರಲೇಬೇಕು. ಕರಟ ಬೇಗ ಹತ್ತಿಕೊಳ್ಳುತ್ತದೆ, ಅದರ ಕೆಂಡದ ಕಾವೂ ಜೋರು. ಹತ್ತಿಸಲು ತೆಂಗಿನ ನಾರು ಸಾಕು. ಸೀಮೆಎಣ್ಣೆ ಸುರಿದರೆ ಅದರ ವಾಸನೆ ಕೊನೆಯ ತುತ್ತಿನವರೆಗೂ ಬೆನ್ನು ಬಿಡುವುದಿಲ್ಲ. ಮಳೆ ಹನಿಯಿತೆಂದೋ ಚಳಿಯಾಯಿತೆಂದೋ ಬಾಂಡ್ಲಿಯನ್ನು ಕೋಣೆಯೊಳಗೆ ಎಳೆದುಕೊಳ್ಳುವವರಿದ್ದಾರೆ. ಇದ್ದಿಲು ಉರಿಯುವಾಗ ಹೊರಬೀಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ. ಬಾಂಡ್ಲಿ ಬಯಲಿನಲ್ಲೇ ಇರಲಿ.

ಇದ್ದಿಲು ಹತ್ತಿ, ಮೈತುಂಬ ತೆಳುವಾಗಿ ಬೂದಿ ಕಟ್ಟಲು ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಹಸಿದ ಬಂಧುಬಳಗವನ್ನು ಸುಮ್ಮನೆ ಕೂರಿಸುವುದು ಹೇಗೆ? ಬದನೆಕಾಯಿ ಇರುವುದೇ ಅದಕ್ಕೆ. ಸಿಪ್ಪೆ ಸುಟ್ಟು ಕಪ್ಪಾಗಲೆಂದೇ ಒಡ್ಡುವ ತರಕಾರಿಗೆ ನೇರ ಜ್ವಾಲೆಯೇ ಬೇಕು. ಉಡುಪಿ ಹತ್ತಿರದ ಮಟ್ಟು ಊರಿನ ಗುಳ್ಳ ಸಿಕ್ಕರೆ ಬೇರೆ ಬದನೆಯ ಕಡೆ ನೋಡಬೇಡಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಹಸಿರು ಉಂಡೆಗೆ ಸಿಪ್ಪೆ ತೆಳು, ತಿರುಳು ಬೆಣ್ಣೆ. ಎಣ್ಣೆ ಸವರಿ, ಚಾಕುವಿನಿಂದ ಎರಡು ಕಡೆ ಚುಚ್ಚಿ ಉರಿಗೆ ಒಡ್ಡಿ. ಪಕ್ಕದಲ್ಲೇ ನಾಲ್ಕು ಹಸಿಮೆಣಸಿನಕಾಯಿ, ಎರಡು ಟೊಮೇಟೊ ಕೂಡ ಬಾಡಲಿ. ಸಿಪ್ಪೆ ಸುಲಿದು ಕೈಯಲ್ಲೇ ಹಿಸುಕಿ ಉಪ್ಪು, ಹುಣಸೆರಸ, ಚಿಟಿಕೆ ಬೆಲ್ಲ ಸೇರಿಸಿ, ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿಯ ಒಗ್ಗರಣೆ. ಕರಾವಳಿಯವರ ಗುಳ್ಳದ ಬಜ್ಜಿ ತಯಾರು. ಸುಲಿದ ಬದನೆಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವ ಅಚ್ಚುಕಟ್ಟುಗಾರರಿದ್ದಾರೆ. ಹೊಗೆಯ ರುಚಿಯೆಲ್ಲ ನೀರಿನ ಪಾಲಾಗುತ್ತದೆ. ಅಲ್ಲೊಂದು ಇಲ್ಲೊಂದು ಕರಿ ಚೂರು ಉಳಿದರೆ ಯಾರಿಗೂ ಏನೂ ಆಗದು.

ಈಗ ಕೆಂಡ. ಜಾಲರಿಯಿಂದ ಗೇಣಿಗಿಂತ ತುಸು ಕಡಿಮೆ ಎತ್ತರದಲ್ಲಿ ಅಂಗೈ ಹಿಡಿಯಿರಿ. ಎರಡು ಮೂರು ಸೆಕೆಂಡಿಗೇ ಕೈ ಹಿಂದೆಗೆದರೆ ಕಾವು ಜೋರು, ಐದಾರು ಸೆಕೆಂಡು ತಾಳಿದರೆ ಹದ. ಜೋರು ಕಾವಿಗೆ ಬಂಗುಡೆ ಹೇಳಿ ಮಾಡಿಸಿದ ಮೀನು. ಅದರ ಮೈಯಲ್ಲೇ ಕೊಬ್ಬು ಧಾರಾಳ, ಹಾಗಾಗಿ ಒಣಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ 61 ದಿನ ಕಳೆದ ಮೇಲೆ ಬರುವ ತಾಜಾ ಬಂಗುಡೆಗೆ ಎರಡೂ ಕಡೆ ಮೂರು ಮೂರು ಗೀರು ಹಾಕಿ, ಉಪ್ಪು, ಅರಿಶಿನ, ಬ್ಯಾಡಗಿ, ಕಾಳುಮೆಣಸು, ಹುಣಸೆ ಅರೆದ ಗಟ್ಟಿ ಮಸಾಲೆ ತುಂಬಿದರೆ ಮುಗಿಯಿತು. ಆಮೇಲಿನದೆಲ್ಲ ತಾಳ್ಮೆ. ಜಾಲರಿ ಚೆನ್ನಾಗಿ ಕಾದಿರಲಿ, ಮೀನು ಇಟ್ಟ ಮೇಲೆ ಅದನ್ನು ಕೆದಕಬೇಡಿ. ಚರ್ಮ ಗರಿಯಾದಾಗ ಮೀನು ತಾನಾಗಿ ಜಾಲರಿಯನ್ನು ಬಿಡುತ್ತದೆ. ಅಂಟಿಕೊಂಡಿದೆ ಎಂದರೆ ಇನ್ನೂ ಆಗಿಲ್ಲ ಎಂದೇ.

ಮುಸುಕಿನ ಜೋಳವೂ ಈ ಹೊತ್ತಿನದೇ. ತೆನೆ ಕಿತ್ತ ಗಳಿಗೆಯಿಂದ ಅದರೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಬೆಳಿಗ್ಗೆ ಕಿತ್ತದ್ದನ್ನು ಸಂಜೆ ಸುಡುವುದು ಸರಿ, ಮೂರು ದಿನ ಫ್ರಿಜ್ಜಿನಲ್ಲಿ ಕಾದದ್ದಕ್ಕೆ ನಿಂಬೆ, ಖಾರ ಎಷ್ಟು ಉಜ್ಜಿದರೂ ಸಿಹಿ ಮರಳದು.

ಸುಟ್ಟ ತೆನೆಯ ವಿಷಯದಲ್ಲಿ ಉತ್ತರ ಕರ್ನಾಟಕದವರ ಮುಂದೆ ಉಳಿದವರೆಲ್ಲ ಎಳಸು. ಮಾಗಿಯ ಚಳಿಯಲ್ಲಿ, ಹಿಂಗಾರಿ ಬಿಳಿಜೋಳದ ಕಾಳು ಹಾಲು ತುಂಬಿ ಇನ್ನೂ ಗಟ್ಟಿಯಾಗದ ಕೆಲವೇ ದಿನಗಳಲ್ಲಿ ಅಲ್ಲಿ ಸೀತನಿಯ ಕೂಟ. ಹೊಲದ ಬದುವಿನಲ್ಲಿ ಚಿಕ್ಕ ಕುಣಿ ತೋಡಿ ಕುಳ್ಳು ಉರಿಸುತ್ತಾರೆ. ಹೊಗೆ ಅಡಗಿ ನಿಗಿಕೆಂಡವಾದ ಮೇಲೆ ತೆನೆಗಳನ್ನು ತಲೆಕೆಳಗಾಗಿ ಕೆಂಡಕ್ಕೆ ಚುಚ್ಚುತ್ತಾರೆ. ಹಸಿರು ವಾಸನೆ ಹೋಗಿ ಸಿಹಿ ಘಮ ಬಂದ ಕೂಡಲೇ ಹೊರಗೆ ತೆಗೆದು ಗೋಣಿಯ ಮೇಲೆ ಬಿಸಿಬಿಸಿಯಾಗಿಯೇ ಕೈಯಿಂದ ತಿಕ್ಕಬೇಕು. ಆರಿದರೆ ಕಾಳು ಬಿಡುವುದಿಲ್ಲ. ಸಿಪ್ಪೆ ಹಾರಿಸಿದ ಮೇಲೆ ಉಳಿಯುವ ಹಸಿರು ಕಾಳಿಗೆ ಶೇಂಗಾ ಚಟ್ನಿ, ಬೆಲ್ಲ, ಒಣಕೊಬ್ಬರಿ, ಗಟ್ಟಿ ಮೊಸರು. ಸೀತನಿಗೆಂದೇ ಸಿಹಿ ತಳಿಯ ಜೋಳದ ನಾಲ್ಕು ಸಾಲು ಬಿತ್ತುವ ರೈತರಿದ್ದಾರೆ. ನನಗೆ ಇದರಲ್ಲಿ ಬಹಳ ಹಿಡಿಸುವುದು ಕೆಲಸ ಹಂಚಿಹೋಗುವ ರೀತಿ. ಸುಡುವವರು ಒಬ್ಬರಾದರೆ ತಿಕ್ಕುವವರು ಮೂವರು, ಉಳಿದವರು ಹಾರಿಸುತ್ತಾರೆ, ಮಕ್ಕಳು ನಡುವೆ ಕೈ ಹಾಕಿ ಕದಿಯುತ್ತಾರೆ. ಮನೆಯೊಡತಿ ಒಬ್ಬಳೇ ಹೊಗೆಯಲ್ಲಿ ಬೆಂದು, ಬಂದವರು ಕುರ್ಚಿಯಲ್ಲಿ ಫೋನು ತಿಕ್ಕುವ ನಮ್ಮ ತಾರಸಿ ಕೂಟಗಳಿಗೆ ಈ ಪದ್ಧತಿ ಬರಬೇಕು.

ಕೋಳಿ, ಪನೀರಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಎದೆಯ ಭಾಗ ಬೇಗ ಒಣಗುತ್ತದೆ, ತೊಡೆಯೇ ಮೇಲು. ಹದವಾದ ಕಾವು, ಮೊಸರು, ಶುಂಠಿ ಬೆಳ್ಳುಳ್ಳಿ ಇದ್ದರೆ ಸಾಕು. ಮಾಂಸ ಮೆತ್ತಗಾಗಲೆಂದು ಹಸಿ ಪರಂಗಿಕಾಯಿ ಹಚ್ಚುವವರು ಒಂದು ಗಂಟೆಗೆ ನಿಲ್ಲಿಸಲಿ. ರಾತ್ರಿಯಿಡೀ ಬಿಟ್ಟರೆ ಮಾಂಸ ಹಿಟ್ಟು ಹಿಟ್ಟಾಗುತ್ತದೆ. ಜೇನು, ಬೆಲ್ಲದಂಥ ಸಿಹಿಯನ್ನು ಇಳಿಸುವ ಐದು ನಿಮಿಷ ಮೊದಲು ಸವರಿ, ಇಲ್ಲದಿದ್ದರೆ ಮಾಂಸ ಬೇಯುವ ಮೊದಲೇ ಅದು ಸೀದು ಕಹಿಯಾಗುತ್ತದೆ. ಪನೀರಿಗೆ ಮೊಸರಿನ ಜೊತೆ ಹುರಿದ ಕಡಲೆಹಿಟ್ಟು ಬೆರೆಸಿದರೆ ಮಸಾಲೆ ಜಾರುವುದಿಲ್ಲ.

ಎಲ್ಲರ ಹೊಟ್ಟೆ ತಣ್ಣಗಾಗುವ ಹೊತ್ತಿಗೆ ಕೆಂಡಕ್ಕೆ ಬೂದಿ ಕವಿದಿರುತ್ತದೆ. ಬಹಳ ಮಂದಿ ಆಗ ನೀರು ಎರಚಿ ಕೈ ತೊಳೆದುಕೊಳ್ಳುತ್ತಾರೆ. ಸಿಹಿಗೆ ಸರಿಯಾದ ಬೆಂಕಿ ಇದೇ ಎಂದು ಮಲೆನಾಡಿನ ಬಚ್ಚಲೊಲೆಯ ಮುಂದೆ ಬೆಳೆದವರಿಗೆ ಗೊತ್ತು. ಗೆಣಸು, ಹಲಸಿನ ಬೀಜ ಎಲ್ಲವೂ ಆ ಬೂದಿಯೊಳಗೆ ಬೆಂದವುಗಳೇ. ಹಲಸಿನ ಬೀಜಕ್ಕೆ ಒಂದು ಗೀರು ಹಾಕಿ ಹುಗಿಯಿರಿ, ಇಲ್ಲವಾದರೆ ಪಟಾಕಿ. ಚುಕ್ಕೆ ಬಿದ್ದು ಚೆನ್ನಾಗಿ ಮಾಗಿದ ನೇಂದ್ರ ಬಾಳೆಯನ್ನು ಸಿಪ್ಪೆ ಸಮೇತ ಇಟ್ಟು, ಎಲ್ಲ ಕಡೆ ಕಪ್ಪಾದ ಮೇಲೆ ಉದ್ದಕ್ಕೆ ಸೀಳಿ, ತುಪ್ಪ, ಪುಡಿಬೆಲ್ಲ, ಏಲಕ್ಕಿ, ಕಾಯಿತುರಿ ಉದುರಿಸಿ ಕೈಗೆ ಚಮಚ ಕೊಡಿ. ಸಿಪ್ಪೆಯೇ ದೊನ್ನೆ.

ಅನಾನಸ್ ನನ್ನ ಮೆಚ್ಚಿನದು. ಬನವಾಸಿ ಕಡೆಯ ಹಣ್ಣಾದರೆ ಇನ್ನೂ ಸಂತೋಷ. ಹಸಿ ಅನಾನಸನ್ನು ಮೊಸರಿಗೆ ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿ ಬರುತ್ತದೆ, ಹಣ್ಣಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ. ಕಿಣ್ವ ಕಾವಿಗೆ ಹೆದರುತ್ತದೆ. ಬೆರಳು ದಪ್ಪದ ಬಿಲ್ಲೆಗಳನ್ನು ಎರಡೂ ಬದಿ ಕಂದು ಗೆರೆ ಮೂಡಿ ನಡುವಿನವರೆಗೂ ಬಿಸಿಯಾಗುವಂತೆ ಸುಟ್ಟು, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನ ಮೇಲಿಟ್ಟು, ಪುಡಿಬೆಲ್ಲ, ಆಗಷ್ಟೇ ಕುಟ್ಟಿದ ಕಾಳುಮೆಣಸು ಉದುರಿಸಿ. ಕಹಿಯ ಸುಳಿವೂ ಇರದು.

ಬೆಂಕಿಯ ಹತ್ತಿರ ಸುಳಿಯಬಾರದ ಸಿಹಿ ಒಂದಿದೆ, ರಸಾಯನ. ಸುಟ್ಟದ್ದು, ಖಾರದ್ದು ತಿಂದ ನಾಲಿಗೆಗೆ ತಣ್ಣನೆಯದು ಬೇಕಲ್ಲ. ಏಲಕ್ಕಿ ಬಾಳೆ ಅಥವಾ ನಂಜನಗೂಡಿನ ರಸಬಾಳೆಯ ಬಿಲ್ಲೆ, ಪುಡಿಬೆಲ್ಲ, ತೆಂಗಿನ ಹಾಲು, ಹುರಿದ ಎಳ್ಳು ಒಂದು ಚಮಚ. ಬೆಲ್ಲ ಬಿದ್ದ ಕೂಡಲೇ ಹಣ್ಣು ರಸ ಬಿಡತೊಡಗುತ್ತದೆ, ಹದಿನೈದು ನಿಮಿಷಕ್ಕೆ ಬಟ್ಟಲಲ್ಲಿ ಬೇಕಾದಷ್ಟು ರಸ. ಮಧ್ಯಾಹ್ನವೇ ಮಾಡಿಟ್ಟರೆ ಹಣ್ಣು ಕಪ್ಪಾಗಿ ಲೋಳೆಯಾಗುತ್ತದೆ. ಹಾಗಾಗಿ ಬಂಗುಡೆ ಜಾಲರಿಯಿಂದ ಇಳಿದ ಮೇಲೆಯೇ ಬಾಳೆಹಣ್ಣು ಹೆಚ್ಚಲು ಯಾರನ್ನಾದರೂ ಕೂರಿಸಿ. ಮೇ ತಿಂಗಳಾದರೆ ಬಾಳೆ ಬಿಟ್ಟು ರಸಪುರಿ ಮಾವು ಹಿಂಡಿ, ಹಾಲು ಬೆರೆಸಿ ಸೀಕರಣೆ ಮಾಡಬಹುದು. ಹೋಳು ಮಾಡಲು ಬಾದಾಮಿ ಸರಿ, ಹಿಂಡಲು ರಸಪುರಿಯೇ. ಬಂದವರಲ್ಲಿ ಯಾರಾದರೂ ಐಸ್‌ಕ್ರೀಮಿನ ಡಬ್ಬ ತಂದೇ ತರುತ್ತಾರೆ. ಅದನ್ನು ಸುಟ್ಟ ಅನಾನಸಿನ ಪಕ್ಕಕ್ಕೆ ಬಡಿಸಿ, ಚೆನ್ನಾಗಿಯೇ ಹೊಂದುತ್ತದೆ. ರಸಾಯನದ ಬಟ್ಟಲಿಗೆ ಹಾಕಲು ಬಂದರೆ ಮಾತ್ರ ಕೈ ಹಿಡಿಯಿರಿ.