ಒಕ್ಕದ ದೀಪ ಮತ್ತು ಪುನರುತ್ಥಾನದ ನಿರೀಕ್ಷೆ: ಕೊಡಗಿನ ಎರಡು ಕೃತಿಗಳ ಬೆಳಕಿನಲ್ಲಿ ಸಂತಾನದ ಪ್ರಶ್ನೆ

ಮಕ್ಕಳು ಬೇಡವೆಂದು ಕೂಡಿ ಯೋಚಿಸಿ ನಿಶ್ಚಯಿಸಿಕೊಂಡ ದಂಪತಿಗಳು ಸಭಾಪಾಲಕರ ಮುಂದೆ ಬಂದು ಕುಳಿತಾಗ ಅವರಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಸಿದ್ಧವಾಗಿಯೇ ಇರುತ್ತದೆ. ಆದಿಕಾಂಡದ ಮೊದಲನೆಯ ಅಧ್ಯಾಯದ ಆಶೀರ್ವಾದವನ್ನು ಆಜ್ಞೆಯೆಂಬಂತೆ ಓದಲಾಗುತ್ತದೆ. 127ನೆಯ ಕೀರ್ತನೆಯನ್ನು ಅದರ ಬೆಂಬಲಕ್ಕೆ ತರಲಾಗುತ್ತದೆ. ಕೊನೆಗೆ ಹನ್ನಳ ಹೆಸರಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ಹೊರನೋಟಕ್ಕೆ ಈ ಉತ್ತರ ಸತ್ಯವೇದದ್ದು. ಅದರ ಒಳಗಿರುವ ಆತಂಕವಾದರೋ ಬೇರೊಂದು ಮೂಲದಿಂದ ಬಂದದ್ದೆಂದು ನನ್ನ ವಾದ. ಕೊಡಗಿನಲ್ಲಿ ಆ ಮೂಲವನ್ನು ಗುರುತಿಸಲು ನಮ್ಮ ವಿದ್ಯಾರ್ಥಿಗಳು ದೈವಶಾಸ್ತ್ರದ ಗ್ರಂಥಗಳ ಜೊತೆಗೆ ಎರಡು ಲೌಕಿಕ ಕೃತಿಗಳನ್ನು ಓದಬೇಕು: ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು ಎಂ. ಎನ್. ಶ್ರೀನಿವಾಸರು ಇಂಗ್ಲಿಷಿನಲ್ಲಿ ಬರೆದು 1952ರಲ್ಲಿ ಪ್ರಕಟಿಸಿದ ಅಧ್ಯಯನ, ಮತ್ತು 1956ರಲ್ಲಿ ಹೊರಬಂದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’.

ಶ್ರೀನಿವಾಸರ ಗ್ರಂಥದ ನಿಜವಾದ ನಾಯಕ ಯಾವ ವ್ಯಕ್ತಿಯೂ ಅಲ್ಲ, ಒಕ್ಕ. ವ್ಯಕ್ತಿಗಳು ಹುಟ್ಟುತ್ತಾರೆ, ಸಾಯುತ್ತಾರೆ, ಒಕ್ಕ ಉಳಿಯುತ್ತದೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ಉರಿಯುವ ದೀಪ, ಕೈಮಡದಲ್ಲಿ ನೆಲೆಗೊಂಡ ಕಾರಣವರು, ಅವರಿಗೆ ಸಲ್ಲುವ ಎಡೆ, ಅವಿಭಕ್ತವಾಗಿ ಬಂದ ಜಮ್ಮಾ ಭೂಮಿ ಇವೆಲ್ಲ ಸತ್ತವರನ್ನೂ ಬದುಕಿರುವವರನ್ನೂ ಇನ್ನು ಹುಟ್ಟಬೇಕಾದವರನ್ನೂ ಒಂದೇ ಹಗ್ಗದಲ್ಲಿ ಹೆಣೆಯುತ್ತವೆ. ಆದ್ದರಿಂದ ಒಕ್ಕ ಅಳಿಯುವುದು ಒಂದು ಮನೆಯ ದುಃಖವಷ್ಟೇ ಅಲ್ಲ. ಸತ್ತವರು ಎರಡನೆಯ ಸಲ ಸಾಯುವುದು ಅದು. ಅದನ್ನು ತಪ್ಪಿಸಲು ಸಂಪ್ರದಾಯ ಎಷ್ಟು ಜಾಣತನದ ದಾರಿಗಳನ್ನು ಕಂಡುಕೊಂಡಿತ್ತೆಂಬುದನ್ನು ಗಮನಿಸಬೇಕು. ಗಂಡುಸಂತಾನವಿಲ್ಲದ ಒಕ್ಕದ ಮಗಳನ್ನು ಒಕ್ಕಪರಿಜೆಯಲ್ಲಿ ಮದುವೆಯಾದವನು ತನ್ನ ಒಕ್ಕವನ್ನು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ. ಮಕ್ಕಪರಿಜೆಯಲ್ಲಿ ಅವನು ತನ್ನ ಒಕ್ಕದಲ್ಲೇ ಉಳಿದು, ಹುಟ್ಟಿದ ಮಕ್ಕಳನ್ನು ಹೆಂಡತಿಯ ಒಕ್ಕಕ್ಕೆ ಬಿಟ್ಟುಕೊಡುತ್ತಾನೆ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ಮೈದುನನಿಗೆ ವಿಧಿಸಿದ ಕರ್ತವ್ಯವನ್ನು ತರಗತಿಯಲ್ಲಿ ವಿವರಿಸಲು ಕಷ್ಟಪಡುವ ಅಧ್ಯಾಪಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ಹತ್ತು ಮಕ್ಕಳನ್ನು ಹೆತ್ತ ತಾಯಿಗೆ ಮಂಗಲ ನಡೆಸಿ ಗೌರವಿಸುವ ರೂಢಿಯೂ ಕೊಡವರಲ್ಲಿತ್ತು. ಆ ಹತ್ತರ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಶ್ರೀನಿವಾಸರ ವಿವರಣೆಯಲ್ಲಿ ಒಂದು ಕೊರತೆಯಿದೆ. ಒಕ್ಕವನ್ನು ಅವರು ಭೂಮಿಯುಳ್ಳವರ ಜಗಲಿಯ ಮೇಲೆ ಕುಳಿತು ನೋಡುತ್ತಾರೆ. ಅದೇ ಭೂಮಿಗೆ ಕಟ್ಟುಬಿದ್ದು ದುಡಿದವರು ಅವರ ಪುಟಗಳಲ್ಲಿ ಬರುವುದು ಹೆಚ್ಚಾಗಿ ಒಡೆಯರ ಕರ್ಮಗಳಲ್ಲಿ ಸೇವೆ ಸಲ್ಲಿಸುವವರಾಗಿ. ಅವರ ವಂಶ ಮುಂದುವರಿಯಬೇಕೇ ಎಂಬ ಪ್ರಶ್ನೆ ಗ್ರಂಥದಲ್ಲಿ ಏಳುವುದೇ ಇಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಮಾಸ್ತಿಯವರ ಕಾದಂಬರಿ ಅರಮನೆಯ ಕಥೆ. ಅದನ್ನು ವಿಲಾಸಿಯಾದ ಅರಸನೊಬ್ಬನ ಪತನವೆಂದು, ಇಂಗ್ಲಿಷರ ಕುಟಿಲನೀತಿಯ ಚಿತ್ರವೆಂದು ಓದುವುದು ವಾಡಿಕೆ. ಮಕ್ಕಳ ಕಡೆಯಿಂದ ಓದಿದರೆ ಬೇರೆಯೇ ಕಾದಂಬರಿಯೊಂದು ಕಾಣಿಸುತ್ತದೆ. ಅರಸನು ತಂಗಿ ದೇವಮ್ಮಾಜಿಯನ್ನು ಸೆರೆಯಲ್ಲಿಡುತ್ತಾನೆ. ಆಕೆ ಗಂಡ ಚೆನ್ನಬಸವನೊಡನೆ ಗಡಿ ದಾಟಿ ಹೋಗುತ್ತಾಳೆ. ಹಿಂದೆ ಉಳಿದ ಹಸುಳೆ ಸೋದರಮಾವನ ಕೈಯಲ್ಲೇ ಸಾಯುತ್ತದೆ. ಕುಂಟ ಬಸವ ಲಿಂಗರಾಜನಿಗೆ ಭಗವತಿಯಲ್ಲಿ ಹುಟ್ಟಿದ ಮಗ. ತಾನು ಯಾರೆಂದು ತಿಳಿಯದೆ ಅಣ್ಣತಮ್ಮಂದಿರ ನಡುವೆ ಆಳಾಗಿ ಬದುಕಿ, ಆ ಅರಸನಿಂದಲೇ ಹತನಾಗುತ್ತಾನೆ. ಈ ಮನೆತನಕ್ಕೆ ಮಕ್ಕಳ ಬಡತನವಿರಲಿಲ್ಲ. ಹುಟ್ಟಿದ ಪ್ರತಿಯೊಂದು ಮಗುವೂ ಉತ್ತರಾಧಿಕಾರಿಯಾಗಿ ಕಂಡದ್ದರಿಂದ ಒಂದೂ ಮಗುವಾಗಿ ಕಾಣಲಿಲ್ಲ. ಸಂತಾನವೆಂಬುದು ಪೀಠವನ್ನು ಉಳಿಸುವ ಉಪಾಯವಾದಾಗ, ತನ್ನ ಮಗು ಬೇಕಾಗುತ್ತದೆ, ಪಕ್ಕದ ಮಗು ಬೇಡವಾಗುತ್ತದೆ. ಎರಡಕ್ಕೂ ಕಾರಣ ಒಂದೇ. ಬೆತ್ಲೆಹೇಮಿನಲ್ಲಿ ಹೆರೋದನು ಮಾಡಿದ್ದೂ ಇದನ್ನೇ. ಮಾಸ್ತಿಯವರು ಕೇಡನ್ನು ಅರಸನ ಶೀಲದಲ್ಲಿಯೂ ವಿಧಿಯ ನಡೆಯಲ್ಲಿಯೂ ಹುಡುಕುತ್ತಾರೆ. ರಾಣಿ ಗೌರಮ್ಮನ ಸದ್ಗುಣವನ್ನು ಅದಕ್ಕೆ ಎದುರಾಗಿ ನಿಲ್ಲಿಸುತ್ತಾರೆ. ವಂಶವೆಂಬ ಏರ್ಪಾಟನ್ನು ಮಾತ್ರ ಅವರು ನ್ಯಾಯಪೀಠದ ಮುಂದೆ ತರುವುದಿಲ್ಲ. ದೊಡ್ಡ ಕಾದಂಬರಿಕಾರರ ದೊಡ್ಡ ಕೃತಿಯಲ್ಲಿ ನನಗೆ ತೃಪ್ತಿ ಕೊಡದ ಅಂಶವಿದು.

ಸಭೆ ಈ ಮನೆತನವನ್ನು ಭೇಟಿಯಾದದ್ದು 1852ರಲ್ಲಿ. ಪದಚ್ಯುತನಾದ ಅರಸನು ಕಾಶಿಯಿಂದ ಲಂಡನ್ನಿಗೆ ಕರೆದೊಯ್ದ ಮಗಳು, ತಾಯಿಯ ಹೆಸರಿನ ರಾಣಿಯೊಡನೆ ಗೊಂದಲವಾಗಬಾರದ ಇತಿಹಾಸದ ರಾಜಕುಮಾರಿ ಗೌರಮ್ಮ, ಆ ವರ್ಷದ ಜೂನ್ 30ರಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಂದ ದೀಕ್ಷಾಸ್ನಾನ ಹೊಂದಿದಳು. ವಿಕ್ಟೋರಿಯಾ ರಾಣಿಯೇ ಜ್ಞಾನಮಾತೆ. ಹನ್ನೊಂದರ ಆ ಹುಡುಗಿಗೆ ಹೊಸ ಜನ್ಮವೆಂದು ಸಾರಲಾಯಿತು. ಆದರೆ ಮುಂದೆ ಅವಳನ್ನು ಪಂಜಾಬಿನ ದುಲೀಪ್ ಸಿಂಗನಿಗೆ ಮದುವೆ ಮಾಡಿ ಕ್ರೈಸ್ತ ರಾಜದಂಪತಿಗಳನ್ನು ಕಾಣುವ ಆಸೆ ರಾಣಿಗಿತ್ತು, ದುಲೀಪನು ಒಪ್ಪಲಿಲ್ಲ. 1860ರಲ್ಲಿ ಸೇನಾಧಿಕಾರಿ ಜಾನ್ ಕ್ಯಾಂಪ್‌ಬೆಲ್ಲನೊಡನೆ ವಿವಾಹ, ಮರುವರ್ಷ ಒಂದು ಹೆಣ್ಣುಮಗು, 1864ರಲ್ಲಿ ಮರಣ. ದೀಕ್ಷಾಸ್ನಾನದ ನೀರು ಅವಳನ್ನು ವಂಶದ ಲೆಕ್ಕದಿಂದ ಬಿಡಿಸಲಿಲ್ಲ. ಲೆಕ್ಕದ ಪುಸ್ತಕ ಕೈ ಬದಲಾಯಿತು, ಅಷ್ಟೆ.

ಇದು ಹಳೆಯ ಕಥೆಯೆಂದು ತಳ್ಳಿಬಿಡಲಾಗದು. 2001 ಮತ್ತು 2011ರ ಜನಗಣತಿಗಳ ನಡುವೆ ಕರ್ನಾಟಕದ ಜನಸಂಖ್ಯೆ ಶೇಕಡಾ 15ಕ್ಕಿಂತ ಹೆಚ್ಚು ಬೆಳೆದರೆ ಕೊಡಗಿನದು ಶೇಕಡಾ ಒಂದರ ಆಸುಪಾಸಿನಲ್ಲಿ ನಿಂತಿತು. ಜಿಲ್ಲೆಯ ಒಟ್ಟು ಜನ ಸುಮಾರು ಐದೂವರೆ ಲಕ್ಷ. ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯಕ್ಕೆ ತನ್ನ ಭಾಷೆ, ಪದ್ಧತಿಗಳ ಬಗ್ಗೆ ಭಯ ಹುಟ್ಟುವುದು ಸಹಜ, ಅದನ್ನು ಹಾಸ್ಯ ಮಾಡುವುದು ಕ್ರೈಸ್ತ ನಡತೆಯಲ್ಲ. ನನ್ನ ಆಕ್ಷೇಪ ಸಭೆಯ ಮೇಲೆ. 2021ರಲ್ಲಿ ನೆರೆಯ ಕೇರಳದ ಪಾಲಾ ಧರ್ಮಪ್ರಾಂತ್ಯವು ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ನೆರವು ಘೋಷಿಸಿತು. ಬಡ ಕುಟುಂಬಕ್ಕೆ ನೆರವು ಒಳ್ಳೆಯದೇ. ಆದರೆ ನೆರವಿನ ಅರ್ಹತೆ ಬಡತನವಾಗಿರದೆ ಮಕ್ಕಳ ಸಂಖ್ಯೆಯಾದಾಗ ಸಭೆಯೂ ಒಂದು ಒಕ್ಕವಾಗಿ ತನ್ನ ತಲೆಗಳನ್ನು ಎಣಿಸತೊಡಗಿದೆ ಎಂದೇ ಅರ್ಥ. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳೂ, ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದು ದೊಡ್ಡವೀರರಾಜೇಂದ್ರನ ಆಶ್ರಯದಲ್ಲಿ 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯವನ್ನು ಕಟ್ಟಿದ ಕೊಂಕಣಿ ಕಥೋಲಿಕರ ಸಂತತಿಯೂ ಇರುವ ಕೊಡಗಿಗೆ ಈ ಎಣಿಕೆಯ ಮಾತು ದೂರದ್ದಲ್ಲ.

ಇನ್ನು ಹನ್ನಳ ಕಡೆಗೆ. ಬಂಜೆತನದ ನೋವಿಗೂ ಮಕ್ಕಳು ಬೇಡವೆಂಬ ನಿರ್ಧಾರಕ್ಕೂ ನಾವು ಒಂದೇ ಪ್ರಾರ್ಥನೆಯನ್ನು ಉಪಯೋಗಿಸುವುದು ಎರಡೂ ಕಡೆಯವರಿಗೆ ಮಾಡುವ ಅನ್ಯಾಯ. ಅತ್ತವಳ ಕಣ್ಣೀರನ್ನು ಅಳದವಳ ಮೇಲೆ ಸುರಿಯುತ್ತೇವೆ. ಅದಿರಲಿ, ಆ ಅಧ್ಯಾಯವನ್ನಾದರೂ ಪೂರ್ತಿ ಓದುತ್ತೇವೆಯೇ? ಎಲ್ಕಾನನು ಹೆಂಡತಿಯನ್ನು ಕೇಳುವ ಪ್ರಶ್ನೆ (1 ಸಮುವೇಲ 1:8) ನಮ್ಮ ಉಪದೇಶಗಳಲ್ಲಿ ಅಪರೂಪ: ಹತ್ತು ಗಂಡುಮಕ್ಕಳಿಗಿಂತ ತಾನು ಅವಳಿಗೆ ಹೆಚ್ಚಲ್ಲವೇ ಎನ್ನುತ್ತಾನೆ. ಹತ್ತು ಹೆತ್ತವಳಿಗೆ ಮಂಗಲ ನಡೆಯುವ ನಾಡಿನಲ್ಲಿ ಈ ವಾಕ್ಯ ಎಷ್ಟು ವಿಚಿತ್ರವಾಗಿ ಕೇಳಿಸಬೇಕು! ದಾಂಪತ್ಯವು ಮಕ್ಕಳಿಲ್ಲದೆಯೂ ತನ್ನಲ್ಲಿ ತಾನು ಪೂರ್ಣವಾಗಬಹುದೆಂದು ಹಳೆಯ ಒಡಂಬಡಿಕೆಯ ಗಂಡಸೊಬ್ಬ ಹೇಳಿದ ಮಾತು ಅದು. ಹನ್ನಳಿಗೆ ಅದು ಸಾಲಲಿಲ್ಲ ನಿಜ. ಅವಳ ಹಂಬಲವನ್ನು ದೇವರು ತುಚ್ಛವಾಗಿ ಕಾಣಲಿಲ್ಲ. ಆದರೆ ಪಡೆದ ಮಗುವನ್ನು ಅವಳು ಏನು ಮಾಡಿದಳು? ಎಲ್ಕಾನನ ಮನೆಗೆ ಉತ್ತರಾಧಿಕಾರಿಯಾಗಿ ಉಳಿಸಿಕೊಳ್ಳಲಿಲ್ಲ, ಮೊಲೆ ಬಿಡಿಸಿದ ಮೇಲೆ ಶಿಲೋವಿಗೆ ಕೊಟ್ಟುಬಂದಳು. ವಂಶವನ್ನು ಉಳಿಸಿದವಳೆಂದು ನಾವು ಕೊಂಡಾಡುವ ಸ್ತ್ರೀ ಕಥೆಯೊಳಗೆ ಮಗನನ್ನು ವಂಶದಿಂದ ಬಿಡಿಸಿದವಳು.

ಲೂಕನ 11ನೆಯ ಅಧ್ಯಾಯದಲ್ಲಿ ಹೊತ್ತ ಗರ್ಭವನ್ನು ಧನ್ಯವೆಂದ ಹೆಂಗಸಿಗೆ ಯೇಸು ಕೊಟ್ಟ ಉತ್ತರವೂ ಇದೇ ದಾರಿಯದು. ಧನ್ಯತೆ ಗರ್ಭದಿಂದ ವಾಕ್ಯವನ್ನು ಕೇಳುವ ಕಿವಿಗೆ ಸಾಗುತ್ತದೆ. 20ನೆಯ ಅಧ್ಯಾಯದ ಸದ್ದುಕಾಯರ ಪ್ರಶ್ನೆ ಇನ್ನೂ ಮುಖ್ಯ. ಏಳು ಮಂದಿ ಅಣ್ಣತಮ್ಮಂದಿರು, ಒಬ್ಬಳೇ ಹೆಂಡತಿ, ಒಂದೂ ಮಗುವಿಲ್ಲ. ಅದು ಒಕ್ಕದ ಪ್ರಶ್ನೆಯೇ. ಪುನರುತ್ಥಾನದವರು ಮದುವೆಯಾಗುವುದಿಲ್ಲ ಎಂಬಲ್ಲಿಗೆ ಲೂಕನು ನಿಲ್ಲಿಸುವುದಿಲ್ಲ. ಅವರು ಇನ್ನು ಸಾಯಲಾರರೆಂಬ ಕಾರಣವನ್ನೂ ಕೊಡುತ್ತಾನೆ. ಸಂತಾನದ ಒತ್ತಾಯಕ್ಕೆ ಬೇರು ಸಾವಿನಲ್ಲಿದೆ. ಮಕ್ಕಳು ಮರಣಕ್ಕೆ ಸಿಕ್ಕ ಸಮಾಧಾನವಾಗಿದ್ದರು, ಪುನರುತ್ಥಾನವು ಬಾಗಿಲಿಗೆ ಬಂದ ಮೇಲೆ ಆ ಸಮಾಧಾನ ಅನಿವಾರ್ಯವಲ್ಲವೆಂಬ ಅರ್ಥದಲ್ಲಿ ನಾಲ್ಕನೆಯ ಶತಮಾನದಲ್ಲಿ ಕ್ರಿಸೊಸ್ತೊಮನು ಬೋಧಿಸಿದ. ಕಾರ್ಲ್ ಬಾರ್ಟ್ 1951ರಲ್ಲಿ ಪ್ರಕಟವಾದ ತನ್ನ ಸಭಾಸಿದ್ಧಾಂತದ ಭಾಗದಲ್ಲಿ ಅದೇ ಮಾತನ್ನು ಕ್ರಿಸ್ತನ ಜನನದ ಕಡೆಯಿಂದ ಹೇಳುತ್ತಾನೆ: ಎಲ್ಲರೂ ಕಾದಿದ್ದ ಮಗು ಹುಟ್ಟಿಯಾಗಿದೆ, ಇನ್ನು ಮೇಲೆ ಸಂತಾನ ಯಾರ ಮೇಲೂ ಹೊರಿಸಿದ ಸಾಲವಲ್ಲ. ಒಕ್ಕದ ದೀಪ ಸಾವಿಗೆ ಮನುಷ್ಯನು ಕೊಟ್ಟ ಉತ್ತರ, ಗೌರವಾರ್ಹವಾದ ಉತ್ತರ. ಪ್ರತಿ ಭಾನುವಾರ ಪುನರುತ್ಥಾನವನ್ನು ಒಪ್ಪಿಕೊಳ್ಳುವ ಸಭೆ ಸೋಮವಾರ ದಂಪತಿಗಳ ಮನೆಗೆ ಹೋಗಿ ಆ ಹಳೆಯ ಉತ್ತರವನ್ನೇ ಕೇಳುವುದಾದರೆ ಅದು ತನ್ನ ವಿಶ್ವಾಸಪ್ರಮಾಣವನ್ನು ತಾನೇ ನಂಬದಿರುವುದನ್ನು ತೋರಿಸುತ್ತದೆ.

ಇದರಿಂದ ಬೇಡವೆಂಬ ನಿರ್ಧಾರವೆಲ್ಲ ಪವಿತ್ರವಾಗಿಬಿಡುವುದಿಲ್ಲ. 2022ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಮಕ್ಕಳ ಬದಲು ನಾಯಿಬೆಕ್ಕುಗಳನ್ನು ಸಾಕುವ ದಂಪತಿಗಳನ್ನು ಸ್ವಾರ್ಥಿಗಳೆಂದು ಕರೆದಾಗ ಅನೇಕರು ನೊಂದರು. ಮಾತು ಒರಟು, ಒಬ್ಬೊಬ್ಬರ ಕಾರಣವನ್ನು ಕೇಳದೆ ಆಡಿದ ಮಾತು. ಆದರೂ ಅದರೊಳಗಿನ ಪ್ರಶ್ನೆಯನ್ನು ಬಿಟ್ಟುಬಿಡಲಾಗದು. ಬಾರ್ಟ್ ಕೂಡ ಸ್ವಾತಂತ್ರ್ಯವನ್ನು ಲಹರಿಗೆ ಒಪ್ಪಿಸಲಿಲ್ಲ. ದೇವರ ಮುಂದೆ ಹೊಣೆಯಿಂದ ನಿರ್ಧರಿಸಬೇಕೆಂದ, ಮಕ್ಕಳಿಲ್ಲದ ದಂಪತಿಗಳು ತಮಗೆ ದೊರೆತ ಬಿಡುವನ್ನು ಬೇರೆ ಸೇವೆಯ ಕರೆಯಾಗಿ ಕಾಣಬೇಕೆಂದ. ಇಲ್ಲೇ ಆನಂದಪುರ ನಮಗೆ ಪಾಠವಾಗಬೇಕು. ಕೊಡವನಾದ ಅಲ್ಮಂಡ ಸೋಮಯ್ಯನ ಜೊತೆ ಕೊಡಗಿಗೆ ಬಂದ ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಶನ್ನಿನ ಸಹೋದ್ಯೋಗಿ ವೈಗ್ಲೆಯ ವಿಧವೆ ಪೌಲೀನಳನ್ನು ಮದುವೆಯಾಗಿ ಆ ಮಕ್ಕಳಿಗೆ ತಂದೆಯಾದ. ತನ್ನ ರಕ್ತದ ವಂಶ ಅವನಿಗಿರಲಿಲ್ಲ. ಅವನ ಹೆಸರು ಕೊಡಗಿನಲ್ಲಿ ಉಳಿದದ್ದು ಆನಂದಪುರವೆಂಬ ಊರಿನಲ್ಲಿ. ಅಲ್ಲಿ ಸಭೆಯಾಗಿ ಕೂಡಿದವರಾದರೋ ಅಂದಿನ ದಾಖಲೆಗಳು ಹೊಲೆಯರೆಂದು ಕರೆದ, ಒಡೆಯರ ಭೂಮಿಗೆ ತಲೆತಲಾಂತರದಿಂದ ಕಟ್ಟುಬಿದ್ದಿದ್ದ ದುಡಿಮೆಯ ಜನ. ಶ್ರೀನಿವಾಸರ ಪುಟಗಳಲ್ಲಿ ಯಾರ ವಂಶದ ಪ್ರಶ್ನೆ ಏಳಲಿಲ್ಲವೋ ಅವರು. ಒಡೆಯನ ಆಳಾಗಲು ಹುಟ್ಟದ, ತಮ್ಮದೇ ಆದ ಮಗುವನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡು ಹೋಗುವುದು ಅವರಿಗೆ ಬಿಡುಗಡೆಯೇ ಆಗಿತ್ತು. ಒಂದೇ ಅಂಗಳದಲ್ಲಿ ಸ್ವಂತ ಸಂತಾನವಿಲ್ಲದ ಬೋಧಕನೂ, ಸಂತಾನವೇ ಸ್ವಾತಂತ್ರ್ಯವಾದ ಸಭೆಯೂ ಇದ್ದರು. ಮಕ್ಕಳಿಲ್ಲದಿರುವುದನ್ನೇ ವಿಮೋಚನೆಯೆಂದು ಸಾರುವ ಇಂದಿನ ನಗರದ ಬರಹಗಳು ಈ ಎರಡನೆಯವರನ್ನು ಮರೆಯುತ್ತವೆ.

ಹಾಗಾದರೆ ಸಭಾಪಾಲಕರು ಏನನ್ನು ಕೇಳಬೇಕು? ಏಕೆ ಬೇಡ ಎಂಬುದಕ್ಕಿಂತ ಮೊದಲು, ಯಾರಿಗಾಗಿ ಬದುಕುತ್ತೀರಿ ಎಂದು ಕೇಳಲಿ. ಮಕ್ಕಳಿರುವವರನ್ನೂ ಅದೇ ದನಿಯಲ್ಲಿ ಕೇಳಲಿ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ವಿವಾಹವಿಧಿಯಲ್ಲಿ ಸಂತಾನಕ್ಕಾಗಿ ಒಂದು ಪ್ರಾರ್ಥನೆಯಿದೆ. ವಧು ಹೆರುವ ವಯಸ್ಸು ಮೀರಿದವಳಾಗಿದ್ದರೆ ಅದನ್ನು ಬಿಡಬೇಕೆಂಬ ಸೂಚನೆಯೂ ಅದರ ಮೇಲಿದೆ. ಆ ಪ್ರಾರ್ಥನೆಯಿಲ್ಲದೆಯೂ ಮದುವೆ ಮದುವೆಯೇ ಎಂದು ಆ ಪುಸ್ತಕಕ್ಕೆ ಗೊತ್ತಿತ್ತು. ವಯಸ್ಸಿಗೆ ಕೊಟ್ಟ ವಿನಾಯಿತಿಯನ್ನು ಕರೆಗೂ ಕೊಡಬಹುದೇ ಎಂಬುದನ್ನು ನಮ್ಮ ಆರಾಧನಾ ಸಮಿತಿಗಳು ಚರ್ಚಿಸಬೇಕು.

ಕೊನೆಗೆ ಉಳಿಯುವುದು ಮುಪ್ಪಿನ ಪ್ರಶ್ನೆ, ಹಿರಿಯರ ಬಾಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ: ನಾಳೆ ನಿಮ್ಮನ್ನು ನೋಡುವವರು ಯಾರು? ಬೆಂಗಳೂರಿಗೂ ಹೊರದೇಶಗಳಿಗೂ ಮಕ್ಕಳನ್ನು ಕಳುಹಿಸಿ ತೋಟದ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧರನ್ನು ಕಂಡವರಿಗೆ ಮಕ್ಕಳೇ ಇದಕ್ಕೆ ಉತ್ತರವಲ್ಲವೆಂದು ಗೊತ್ತು. ಅಬ್ಷಾಲೋಮನು ತನ್ನ ಹೆಸರನ್ನು ಉಳಿಸಲು ಮಗನಿಲ್ಲವೆಂದು ಅರಸನ ಕಣಿವೆಯಲ್ಲಿ ಕಂಬ ನಿಲ್ಲಿಸಿದ (2 ಸಮುವೇಲ 18:18). ಆ ಕಂಬಕ್ಕೆ ಹೀಬ್ರೂವಿನಲ್ಲಿರುವ ಶಬ್ದ ‘ಯಾದ್’, ಅಂದರೆ ಕೈ. ಯೆಶಾಯ 56ರಲ್ಲಿ, ತಾನು ಒಣಮರವೆಂದುಕೊಂಡ ನಪುಂಸಕನಿಗೆ ದೇವರು ಗಂಡುಹೆಣ್ಣು ಮಕ್ಕಳಿಗಿಂತ ಮೇಲಾದ ಹೆಸರನ್ನು ವಾಗ್ದಾನ ಮಾಡುವಾಗಲೂ ಅದೇ ‘ಯಾದ್’ ಬರುತ್ತದೆ. ಅಬ್ಷಾಲೋಮನ ಕಂಬ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ಯೆಶಾಯನದು ದೇವರ ಮನೆಯೊಳಗೆ, ಅದರ ಗೋಡೆಗಳ ನಡುವೆ. ಆ ಗೋಡೆಗಳು ಯಾವುವು, ಮಕ್ಕಳಿಲ್ಲದ ವೃದ್ಧೆಗೆ ಗಂಜಿ ಕೊಂಡೊಯ್ಯುವವರು ಯಾರು, ಅವಳ ಶವಪೆಟ್ಟಿಗೆಗೆ ಹೆಗಲು ಕೊಡುವ ಆರು ಜನ ಯಾರು ಎಂಬುದನ್ನು ಪ್ರತಿಯೊಂದು ಸಭಾಸಮಿತಿಯೂ ಹೆಸರು ಹೆಸರಾಗಿ ಬರೆದಿಡಬಲ್ಲದು.