ಆಟದ ಧಾಟಿ ಪಿಯಾನೋಗೆ ಬಂದಾಗ

ಇಟ್ಟಿಗೆಯಂಥ ತುಂಡುಗಳು ಮೇಲಿನಿಂದ ಬೀಳುವ ಬ್ಯಾಟರಿ ಆಟಿಕೆಯನ್ನು ನೀವು ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸಿರಬಹುದು; ಪರೀಕ್ಷೆಯ ಕಾಲದಲ್ಲಿ ಕಸಿದುಕೊಂಡೂ ಇರಬಹುದು. ಅದರ ಮೂಲ, 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ ರೂಪಿಸಿದ ಟೆಟ್ರಿಸ್. 1989ರಲ್ಲಿ ಅದು ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರಕ್ಕೆ ಬಂದಾಗ ಹಿರೋಕಾಜು ತನಾಕ ಸಂಗೀತವನ್ನು ಅಳವಡಿಸಿದರು. ಅದರಲ್ಲಿ ಹೆಚ್ಚು ಪ್ರಸಿದ್ಧವಾದುದು 'ಕೊರೊಬೇನಿಕಿ' ಎಂಬ ರಷ್ಯನ್ ಹಾಡಿನ ಧಾಟಿ.

ಶೆಟ್ಟಿಕೆರೆಯಲ್ಲಿರುವ ನನ್ನ ತಂಗಿಯ ಮಗ ಈ ಧಾಟಿಯನ್ನು ಪಿಯಾನೋ ಒಂದಕ್ಕೇ ಒಗ್ಗಿಸಿ, ಮೂರು ಸಲ ತಿದ್ದಿ ನುಡಿಸಿದ್ದಾನೆ. ತೆಂಗಿನ ಸೀಮೆಯ ಮನೆಯಲ್ಲಿ ಪಿಯಾನೋ ಎಲ್ಲಿಯದೆಂದು ಕೇಳಬೇಡಿ. ಇರುವುದು 88 ಕೀಲಿಗಳ ವಿದ್ಯುತ್ ವಾದ್ಯ. ಹತ್ತನೆಯ ತರಗತಿಯಲ್ಲಿ ಇದೇ ಆಟದ ದೆಸೆಯಿಂದ ಅವನ ಮೊಬೈಲನ್ನು ಅಜ್ಜಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆದುದರಿಂದ ಅವರ ಮುಂದೆ ಇದನ್ನು ನುಡಿಸುವುದು ಅವನ ಪಾಲಿಗೆ ಸಣ್ಣ ಮಾತಾಗಿರಲಿಲ್ಲ.

ಮೊದಲ ಕರಡಿನಲ್ಲಿ ಹತ್ತು ಬೆರಳುಗಳಿಗೂ ಬಿಡುವಿರಲಿಲ್ಲ. ಎಡಗೈ ತುಂಬ ದಪ್ಪ ಸ್ವರಗುಚ್ಛಗಳು, ಪೆಡಲನ್ನು ಒತ್ತಿದ ಕಾಲು ಮೇಲೇಳುವುದೇ ಇಲ್ಲ. ಅಟ್ಟದ ಮೇಲಿನ ಕೊಬ್ಬರಿಕಾಯಿಯನ್ನು ಅಲ್ಲಾಡಿಸಿ ನೋಡುವ ಅಭ್ಯಾಸದ ಅಜ್ಜಿ, "ಇನ್ನೂ ನೀರು ಅಲ್ಲಾಡ್ತೈತೆ ಕಣೋ ಮಗ" ಎಂದರು. ನಾನು ಪುಟಗಟ್ಟಲೆ ಬರೆದರೂ ಇದಕ್ಕಿಂತ ಒಳ್ಳೆಯ ವಿಮರ್ಶೆಯಾಗದು.

ದೋಷ ಎಲ್ಲಿತ್ತೆಂಬುದನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ. ಗೇಮ್ ಬಾಯ್ ಯಂತ್ರಕ್ಕಿದ್ದುದು ನಾಲ್ಕೇ ದನಿಗಳು. ಅವುಗಳಲ್ಲಿ ಒಂದು ಬರಿಯ ಗದ್ದಲದ ಸದ್ದು. ಅದು ತಾಳವಾದ್ಯದ ಬದಲಿಗೆ. ಉಳಿದ ಮೂರರಲ್ಲಿಯೇ ಧಾಟಿ, ಜೊತೆದನಿ, ಮಂದ್ರ ಎಲ್ಲವೂ ಹೊಂದಿಕೊಳ್ಳಬೇಕು. ಈ ಬಡತನವೇ ಆ ಸಂಗೀತದ ಸ್ಪಷ್ಟತೆಗೆ ಕಾರಣ. ಅದನ್ನು ನೀಗಿಸಲು ಹೊರಟವನು ಧಾಟಿಯನ್ನೇ ಮುಚ್ಚಿಬಿಡುತ್ತಾನೆ.

ಎರಡನೆಯ ಕರಡಿಗೆ ಮುನ್ನ ಅವನಿಗೆ ಬಾಖ್‌ನ ಮೂರನೆಯ ಫ್ರೆಂಚ್ ಸ್ವೀಟಿನಲ್ಲಿರುವ ಮಿನುಯೆಟ್ ನರ್ತನದ ತುಣುಕನ್ನು ಕಲಿಯಲು ಹೇಳಿದೆ. ಕಾರಣ ಕೇಳಿದರೆ ನಿಮಗೂ ಸೋಜಿಗವಾದೀತು. ಅದೇ ಗೇಮ್ ಬಾಯ್ ಆಟದಲ್ಲಿ ಆಟಗಾರನು ಆರಿಸಿಕೊಳ್ಳಬಹುದಾದ ಇನ್ನೊಂದು ಸಂಗೀತವೇ ಅದು! ಕೀಲಿವಾದ್ಯಕ್ಕೆಂದೇ ಹುಟ್ಟಿದ ಆ ರಚನೆಯಲ್ಲಿ ಬಹುಮಟ್ಟಿಗೆ ಎರಡೇ ದನಿಗಳು ನಡೆಯುತ್ತವೆ. ಏನೋ ಕಡಿಮೆಯಾಗಿದೆ ಎಂದು ಕಿವಿಗೆ ಅನಿಸುವುದೇ ಇಲ್ಲ. ಹುಡುಗ ತಿಂಗಳೊಪ್ಪತ್ತು ಅದನ್ನು ನುಡಿಸಿ, ಬಳಿಕ ತನ್ನ ಎಡಗೈಯಿಂದ ಅರ್ಧದಷ್ಟು ಸ್ವರಗಳನ್ನು ತಾನೇ ತೆಗೆದುಹಾಕಿದ.

ಧಾಟಿಯ ಎರಡನೆಯ ಭಾಗ ಮಾತ್ರ ಆಗಲೂ ಸೋತಿತು. ಅಲ್ಲಿ ಓಟ ನಿಂತು ನೀಳವಾದ ಸ್ವರಗಳು ಬರುತ್ತವೆ. ಯಂತ್ರವು ಒಂದು ಸ್ವರವನ್ನು ಬೇಕಾದಷ್ಟು ಹೊತ್ತು ಒಂದೇ ಬಲದಲ್ಲಿ ಹಿಡಿದಿರಬಲ್ಲದು; ಪಿಯಾನೋ ಸ್ವರವಾದರೋ ಸುತ್ತಿಗೆ ತಂತಿಗೆ ತಾಗಿದ ಮರುಕ್ಷಣದಿಂದಲೇ ಕುಗ್ಗತೊಡಗುತ್ತದೆ. ನಮ್ಮ ವಿದ್ಯುತ್ ವಾದ್ಯವೂ ಈ ಗುಣವನ್ನೇ ಅನುಕರಿಸುತ್ತದೆ. ಕುಗ್ಗುವ ಸ್ವರದ ಕೆಳಗೆ ಎಡಗೈ ಕುಣಿದಾಡಿದರೆ ಕೇಳುಗನಿಗೆ ಉಳಿಯುವುದು ಕುಣಿತವೊಂದೇ. ಮೂರನೆಯ ಕರಡಿನಲ್ಲಿ ಅವನು ಮೇಲಿನ ಸ್ವರವನ್ನು ದೃಢವಾಗಿ ಒತ್ತಿ, ಮಂದ್ರವನ್ನು ತೆಳ್ಳಗೆ ಮಾಡಿ, ನಡುವೆ ಒಂದೇ ದನಿಯನ್ನು ಮೆಲ್ಲನೆ ನಡೆಸಿದ್ದಾನೆ. ಇಡೀ ಅಳವಡಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಈ ಎಂಟು ಸಾಲು.

ಇನ್ನು ಮುಕ್ತಾಯ. ಆಟದ ಸಂಗೀತಕ್ಕೆ ಮುಕ್ತಾಯವೆಂಬುದಿಲ್ಲ. ಅದು ಸುತ್ತುತ್ತಲೇ ಇರುತ್ತದೆ, ತುಂಡುಗಳು ಮೇಲಿನವರೆಗೆ ಪೇರಿಕೊಂಡು ಆಟಗಾರ ಸೋತಾಗ ತಟ್ಟನೆ ಕಡಿದುಹೋಗುತ್ತದೆ. ಪಿಯಾನೋ ಮುಂದೆ ಕುಳಿತವನಾದರೋ ಎಲ್ಲಿ ನಿಲ್ಲಬೇಕೆಂದು ತಾನೇ ನಿರ್ಧರಿಸಬೇಕು. ಮೊದಲೆರಡು ಕರಡುಗಳು ಭಾರೀ ಸ್ವರಗುಚ್ಛಗಳ ಮೆರವಣಿಗೆಯಲ್ಲಿ ಮುಗಿಯುತ್ತಿದ್ದವು. ಈಗ ಕೊನೆಯ ಸುತ್ತಿನಲ್ಲಿ ಎಡಗೈ ಸುಮ್ಮನಾಗುತ್ತದೆ, ಧಾಟಿ ಒಂಟಿಯಾಗಿ ನಡೆದು ನಿಲ್ಲುತ್ತದೆ.

ಕಡೆಯ ಸ್ವರವನ್ನು ಪೆಡಲಿನಲ್ಲಿ ಅಷ್ಟು ಹೊತ್ತು ಹಿಡಿಯುವುದು ನನಗಿನ್ನೂ ಒಪ್ಪಿಗೆಯಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಅಜ್ಜಿ ಕೈಯೆತ್ತಿ ತಡೆದರು. ಅವರಿಗೆ ಆ ಸ್ವರ ಇನ್ನೂ ಕೇಳಿಸುತ್ತಿತ್ತು.