ಸಂವಿಧಾನದ ನುಡಿ, ಸಮಾಜದ ನಡೆ

ಶಾಸ್ತ್ರವನ್ನು ಓದುವ ಬಗೆ ಎರಡು. ಗ್ರಂಥದಲ್ಲಿ ಏನು ಬರೆದಿದೆ ಎಂದು ವಿಚಾರಿಸುವುದು ಒಂದು. ಬರೆದುದು ಬಾಳಿನಲ್ಲಿ ಎಷ್ಟರಮಟ್ಟಿಗೆ ಇಳಿದಿದೆ ಎಂದು ಪರೀಕ್ಷಿಸುವುದು ಇನ್ನೊಂದು. ಭಾರತದ ಸಂವಿಧಾನವನ್ನು ನ್ಯಾಯಶಾಸ್ತ್ರಜ್ಞರು ಬಹುಮಟ್ಟಿಗೆ ಮೊದಲನೆಯ ಬಗೆಯಲ್ಲಿ ಓದಿದರೆ, ಸಮಾಜಶಾಸ್ತ್ರಜ್ಞರು ಎರಡನೆಯದನ್ನು ಹಿಡಿದಿದ್ದಾರೆ. ವಚನಸಾಹಿತ್ಯದ ಅಭ್ಯಾಸಿಗಳಿಗೆ ಈ ಮಾರ್ಗ ಹೊಸದಲ್ಲ. ನುಡಿಯನ್ನು ನಡೆಯ ಒರೆಗಲ್ಲಿಗೆ ಹಚ್ಚಿ ನೋಡುವುದೇ ಶರಣರ ವಿಮರ್ಶೆಯ ತಿರುಳು. ಆದರೆ ಅನುಭವಮಂಟಪವೇ ಮೊದಲ ಸಂಸತ್ತು, ವಚನಗಳೇ ಮೊದಲ ಸಂವಿಧಾನ ಎಂಬ ಘೋಷಣೆ ವೇದಿಕೆಗಳಲ್ಲಿ ಕೇಳಿಬರುವಷ್ಟು ಈ ಒರೆಗಲ್ಲಿನ ಮಾತು ಕೇಳಿಬರುವುದಿಲ್ಲ.

ಕಾನೂನಿನ ನೆಲೆ ಶಾಸನಗ್ರಂಥವಲ್ಲ, ಸಮಾಜವೇ ಎಂಬ ವಾದವನ್ನು ಆಸ್ಟ್ರಿಯಾದ ಯೂಜೆನ್ ಎರ್ಲಿಖ್ 1913ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಜನರು ನಿಜವಾಗಿ ಅನುಸರಿಸುವ ಕಟ್ಟಳೆಗೆ ಆತನು ‘ಜೀವಂತ ಕಾನೂನು’ ಎಂದು ಹೆಸರಿಟ್ಟನು. ಕನ್ನಡ ನಾಡಿನಲ್ಲಿ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕಂಡುದನ್ನು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯಾಗಿ ರೂಪಿಸಿದರು. ಭೂಮಿ, ಸಂಖ್ಯೆ, ಪ್ರಭಾವ ಯಾರಲ್ಲಿವೆಯೋ ಊರಿನ ನ್ಯಾಯವೂ ಅವರ ಕೈಯಲ್ಲಿರುತ್ತದೆ ಎಂಬುದು ಅದರ ಸಾರ. ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಸಂವಿಧಾನಿಕ ನೈತಿಕತೆಯು ಸಹಜವಾಗಿ ಹುಟ್ಟುವ ಭಾವನೆಯಲ್ಲ, ಬೆಳೆಸಿಕೊಳ್ಳಬೇಕಾದುದು ಎಂದು ಎಚ್ಚರಿಸಿದ್ದರು. ಆಂದ್ರೆ ಬೆತೆಯವರು 2008ರ ತಮ್ಮ ಪ್ರಬಂಧದಲ್ಲಿ ಈ ವಿಚಾರವನ್ನೇ ಮತ್ತೆ ಕೈಗೆತ್ತಿಕೊಂಡರು.

ಈ ದೃಷ್ಟಿಯ ಬೆಲೆಯನ್ನು ಅರಿಯಲು ಕೋಲಾರ ಸೀಮೆಯನ್ನು ನೋಡಬಹುದು. ಸಂವಿಧಾನ ಸಭೆಯ ಸದಸ್ಯರೂ ಮೈಸೂರಿನ ಮೊದಲ ಮುಖ್ಯಮಂತ್ರಿಗಳೂ ಆಗಿದ್ದ ಕೆ. ಸಿ. ರೆಡ್ಡಿಯವರು ಈ ಜಿಲ್ಲೆಯ ಕ್ಯಾಸಂಬಳ್ಳಿಯವರು. ಕೋಲಾರದ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. 2008ರಿಂದ ಮುಳಬಾಗಿಲು ವಿಧಾನಸಭಾ ಕ್ಷೇತ್ರವೂ ಮೀಸಲು. ಮಾಲೂರು, ಶ್ರೀನಿವಾಸಪುರಗಳು ಸಾಮಾನ್ಯ ಕ್ಷೇತ್ರಗಳು. ಗ್ರಂಥದ ಕಣ್ಣಿಗೆ ಇದಿಷ್ಟೇ ಕಾಣುತ್ತದೆ. ಮತಪೆಟ್ಟಿಗೆಯಲ್ಲಿ ದೊರೆತ ಸಮಾನತೆ ದೇಗುಲದ ಹೊಸ್ತಿಲನ್ನು ದಾಟಿತೇ ಎಂಬುದು ಸಮಾಜಶಾಸ್ತ್ರದ ಪ್ರಶ್ನೆ.

ಉತ್ತರ ಕಹಿಯಾದುದು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಉತ್ಸವದ ಕೋಲನ್ನು ದಲಿತ ಬಾಲಕನೊಬ್ಬನು ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಲಾಯಿತು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ 17ನೆಯ ವಿಧಿ ಜಾರಿಗೆ ಬಂದು ಆಗಲೇ 72 ವರ್ಷ ಕಳೆದಿದ್ದವು. ದಂಡ ವಿಧಿಸುವ ಅಧಿಕಾರವನ್ನು ಊರಿನ ಹಿರಿಯರಿಗೆ ಕೊಟ್ಟವರಾರು? ಬರೆದ ಸಂವಿಧಾನವಲ್ಲ, ಊರಿನೊಳಗೆ ಬರೆಯದೆಯೇ ಬದುಕಿರುವ ಇನ್ನೊಂದು ಸಂವಿಧಾನ. ಆದರೆ ಆ ಕುಟುಂಬವು ದೂರು ನೀಡಿತು, ಮೊಕದ್ದಮೆ ದಾಖಲಾಯಿತು ಎಂಬುದನ್ನೂ ಮರೆಯಲಾಗದು. ತಟ್ಟಲು ಒಂದು ಬಾಗಿಲನ್ನು ಒದಗಿಸಿದ್ದು ಬರೆದ ಸಂವಿಧಾನವೇ.

ಬಾಗಿಲು ತಟ್ಟಿದ ಮಾತ್ರಕ್ಕೆ ನ್ಯಾಯ ದೊರೆಯುವುದೂ ನಿಶ್ಚಿತವಲ್ಲ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತವಾಗಿ ಸುಡಲಾಯಿತು. ಸಾಕ್ಷಿಗಳು ತಿರುಗಿಬಿದ್ದುದರಿಂದ 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಾನೂನಿತ್ತು, ನ್ಯಾಯಾಲಯವಿತ್ತು, ನಿಂತು ನುಡಿಯುವ ಸಾಕ್ಷಿಯಿರಲಿಲ್ಲ. ಕೂಲಿ, ಸಾಲ, ನೀರು ಇವೆಲ್ಲ ಪರರ ಹಿಡಿತದಲ್ಲಿದ್ದಾಗ ನಾಲಗೆಯೂ ಪರಾಧೀನವಾಗುತ್ತದೆ. ಶರಣರು ಕಾಯಕಕ್ಕೆ ಕೊಟ್ಟ ಸ್ಥಾನದ ಸಾಮಾಜಿಕ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ: ದುಡಿಮೆಯ ಸ್ವಾತಂತ್ರ್ಯವಿಲ್ಲದೆ ನುಡಿಯ ಸ್ವಾತಂತ್ರ್ಯವಿಲ್ಲ.

ಹಾಗೆಂದು ಸಮಾಜಶಾಸ್ತ್ರದ ದೃಷ್ಟಿ ಪರಿಪೂರ್ಣವೆನ್ನಲಾಗದು. ಪ್ರಾಬಲ್ಯದ ರಚನೆಯನ್ನು ವಿವರಿಸುವ ಭರದಲ್ಲಿ ಅದು ಆ ರಚನೆಯನ್ನು ಎದುರಿಸಿ ನಿಂತ ವ್ಯಕ್ತಿಯನ್ನು ಅಪವಾದವೆಂದು ಬದಿಗಿಡುವುದುಂಟು. ಹರಳಯ್ಯ ಮಧುವರಸರ ಮನೆತನಗಳ ನಡುವೆ ನಡೆದುದಾಗಿ ಪರಂಪರೆ ಹೇಳುವ ವಿವಾಹವನ್ನು ಪರಿಣಾಮದಿಂದ ಅಳೆದರೆ ಅದು ಸೋಲು, ಕಲ್ಯಾಣವೇ ಚದುರಿಹೋಯಿತು. ಆದರೂ ಎಂಟು ಶತಮಾನಗಳ ಕಾಲ ಆ ಒಂದು ನಡೆಯೇ ಮುಂದಿನವರ ನುಡಿಗೆ ಅಳತೆಗೋಲಾಯಿತು. ಆಚಾರದ ಈ ಬಲವನ್ನು ಅಂಕಿ ಅಂಶಗಳು ಹಿಡಿಯಲಾರವು.

ಹಾಗೆಯೇ ವಚನಪರಂಪರೆಯ ವಾರಸುದಾರರೂ ಸಮಾಜಶಾಸ್ತ್ರದ ಕನ್ನಡಿಯಿಂದ ಮುಖ ತಿರುಗಿಸಲಾಗದು. ಶ್ರೀನಿವಾಸರು ಮೈಸೂರು ರಾಜ್ಯದ ಪ್ರಬಲ ಜಾತಿಗಳಲ್ಲಿ ಒಕ್ಕಲಿಗರೊಡನೆ ಲಿಂಗಾಯತರನ್ನೂ ಹೆಸರಿಸಿದ್ದಾರೆ. ಜಾತಿಯನ್ನು ಅಳಿಯಲು ಹುಟ್ಟಿದ ಪಥವೇ ಜಾತಿಯ ಪಟ್ಟಿಗೆ ಸೇರಿದುದಕ್ಕೆ ಸಮಾಜಶಾಸ್ತ್ರಜ್ಞರನ್ನು ದೂರಿ ಫಲವಿಲ್ಲ. ಕೋಲಾರ ಸೀಮೆಯಲ್ಲಿ ವೀರಶೈವರ ಸಂಖ್ಯಾಬಲ ಹೆಚ್ಚಿಲ್ಲ, ಆದುದರಿಂದ ಈ ದೋಷ ತಮ್ಮದಲ್ಲ ಎಂಬ ಸಮಾಧಾನವೂ ಸಲ್ಲದು. ಶಿವಾಚಾರಕ್ಕೆ ತಲೆಯೆಣಿಕೆಯ ರಿಯಾಯಿತಿಯಿಲ್ಲ. ಅನ್ಯಾಯ ಕಂಡಲ್ಲಿ ಸುಮ್ಮನಿರುವುದು ಗಣಾಚಾರವೂ ಅಲ್ಲ.

ಅನುಭವಮಂಟಪದ ಗೋಷ್ಠಿಗಳ ಚಿತ್ರ ವಿಸ್ತಾರವಾಗಿ ದೊರೆಯುವುದು 15ನೆಯ ಶತಮಾನದ ಶೂನ್ಯಸಂಪಾದನೆಗಳಲ್ಲಿ. ಅಲ್ಲಿ ಯಾರ ಹಿರಿಮೆಯನ್ನೂ ಪರೀಕ್ಷೆಯಿಲ್ಲದೆ ಒಪ್ಪುವುದಿಲ್ಲ. ಅಲ್ಲಮನ ಪ್ರಶ್ನೆಯಿಂದ ಬಸವಣ್ಣನವರಿಗೂ ವಿನಾಯಿತಿಯಿಲ್ಲ. ಆ ಮಂಟಪವನ್ನು ಸಂಸತ್ತಿಗೆ ಹೋಲಿಸಿ ಹೆಮ್ಮೆಪಡುವವರು ಮೊದಲು ಆ ಪರೀಕ್ಷೆಗೆ ತಮ್ಮನ್ನು ಒಡ್ಡಿಕೊಳ್ಳಬೇಕು. ಸಂವಿಧಾನದ ಪೀಠಿಕೆಯನ್ನು ಮಠದ ಸಭೆಯಲ್ಲಿ ಓದುವುದು ಒಳ್ಳೆಯದೇ. ಉಳ್ಳೇರಹಳ್ಳಿಯಂಥ ಊರಿನ ಬಾಲಕನೊಬ್ಬನು ಅಂಜದೆ ಆ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಾಗಲೇ ಆ ಓದು ಆಚಾರವೆನಿಸುತ್ತದೆ.